ಎಂಟನೇ ಎಣಿಕೆಯ ನಂತರ

ಈ ಸಂಜೆಯ ಅಧ್ಯಕ್ಷತೆ ವಹಿಸಿರುವ ಆಡಳಿತ ಮಂಡಳಿಯ ಹಿರಿಯರೇ, ನಮ್ಮ ಮುಖ್ಯೋಪಾಧ್ಯಾಯಿನಿಯವರೇ, ಎಷ್ಟೋ ಕೆಲಸ ಬದಿಗಿಟ್ಟು ಬಂದಿರುವ ಮುಖ್ಯ ಅತಿಥಿಗಳೇ, ಸಹೋದ್ಯೋಗಿಗಳೇ, ಪೋಷಕರೇ, ಕೊನೆಯ ಸಾಲಿನಲ್ಲಿ ಕುಳಿತು ಈಗಾಗಲೇ ಕೈಗಡಿಯಾರ ನೋಡಿಕೊಳ್ಳುತ್ತಿರುವ ನನ್ನ ಮಕ್ಕಳೇ, ಸಭಿಕರೇ,

ಮೈಕಿನ ಮುಂದೆ ನಿಲ್ಲುವುದು ನನಗೆ ರೂಢಿಯಿಲ್ಲ. ಈ ಶಾಲೆಯ ದೈಹಿಕ ಶಿಕ್ಷಕನಾಗಿ ಮೂವತ್ತೊಂದು ವರ್ಷ ಕಳೆದೆ, ಒಂದು ದಿನವೂ ಮೈಕು ಬೇಕಾಗಲಿಲ್ಲ. ಮೈದಾನದ ಈ ತುದಿಯಲ್ಲಿ ನಿಂತು ಕೂಗಿದರೆ ಆ ತುದಿಯಲ್ಲಿ ಶೂ ಲೇಸು ಕಟ್ಟಿಕೊಳ್ಳುತ್ತಿದ್ದ ಹುಡುಗ ಎದ್ದು ನೆಟ್ಟಗೆ ನಿಲ್ಲುತ್ತಿದ್ದ. ಕೂಗು ಸಾಲದಿದ್ದರೆ ಕುತ್ತಿಗೆಯಲ್ಲಿ ಸೀಟಿ ಇತ್ತು. ಮಕ್ಕಳೇ, ನೀವು ನನಗೆ ‘ಪೀಪಿ ಸಾರ್’ ಎಂದು ಹೆಸರಿಟ್ಟಿರುವುದು ನನಗೆ ಗೊತ್ತಿಲ್ಲ ಎಂದುಕೊಂಡಿದ್ದೀರಾ? ಇಪ್ಪತ್ತೆಂಟು ವರ್ಷದಿಂದ ಗೊತ್ತು. ಮೊದಲ ಮೂರು ವರ್ಷ ಮಾತ್ರ ಬೇರೆ ಯಾರನ್ನೋ ಹಾಗೆ ಕರೆಯುತ್ತಾರೆ ಎಂದುಕೊಂಡಿದ್ದೆ. ಇಲ್ಲಿ ಎಲ್ಲರಿಗೂ ಸೀಟಿ ಊದಿದವನು ನಾನು. ಮನೆಗೆ ಹೋದರೆ ನನಗೆ ಸೀಟಿ ಊದುವುದು ಕುಕ್ಕರ್ ಒಂದೇ.

ನಗುತ್ತಿದ್ದೀರಿ. ಸಂತೋಷ.

ಬೀಳ್ಕೊಡುಗೆಯ ದಿನ ಏನು ಮಾತಾಡಬೇಕು ಎಂದು ನಮ್ಮ ಭಾಷಾ ಟೀಚರ್ ನನಗೆ ಹೇಳಿಕೊಟ್ಟಿದ್ದಾರೆ. ವಯಸ್ಸಿನಲ್ಲಿ ನನಗೆ ಮಗಳಾಗಬೇಕಾದವರು. ನನ್ನಿಂದ ಎರಡು ಪುಟ ಬರೆಸಿ, ಕಾಗುಣಿತ ತಿದ್ದಿ, ಎಲ್ಲೆಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ಪೆನ್ಸಿಲಿನಲ್ಲಿ ಗೀಟು ಹಾಕಿಕೊಟ್ಟಿದ್ದಾರೆ. ಆ ಎರಡು ಪುಟ ಜೇಬಿನಲ್ಲಿವೆ. ಅವನ್ನು ಓದಿ, ಕೈಮುಗಿದು, ಕುಳಿತುಕೊಳ್ಳಬೇಕೆಂದೇ ಬಂದವನು ನಾನು.

ಆದರೆ ಇವತ್ತು ನನಗಿಂತ ಮುಂಚೆ ಮೂವರು ಮಾತಾಡಿದರು. ಮೂವರೂ ಒಂದೇ ವಿಷಯ ಎತ್ತಿದರು. ಹೋದ ತಿಂಗಳು ಇದೇ ವೇದಿಕೆಯ ಮೇಲೆ ಮಕ್ಕಳು ಆಡಿದ ‘ಗಟ್ಟಿಗರು’ ನಾಟಕದಲ್ಲಿ ನಾನು ಮಾಡಿದ ಪಾತ್ರ. ಅದರಲ್ಲೂ ಒಂದು ಕ್ಷಣ. “ಆ ಮೌನ, ಆ ತಡ! ಪಳಗಿದ ನಟರಿಗೂ ಬಾರದ ಸಂಯಮ” ಎಂದು ಮುಖ್ಯ ಅತಿಥಿಗಳು ಅಂದರು. ಈ ಮೇಜಿನ ಮೇಲಿರುವ ಫಲಕದಲ್ಲೂ ‘ಉತ್ತಮ ನಟ’ ಎಂದು ಕೆತ್ತಿಸಿದ್ದಾರೆ. ಓದಿದೆ. ಅದನ್ನು ಕೈಗೆ ತೆಗೆದುಕೊಳ್ಳುವ ಮುಂಚೆ ಒಂದಿಷ್ಟು ಹೇಳಬೇಕು. ಹೇಳುವುದು ಸ್ವಲ್ಪ ಉದ್ದವಾದೀತು. ಹಿಂದಿನ ಸಾಲಿನವರು ಕ್ಷಮಿಸಬೇಕು.

ಆ ನಾಟಕ ಯಾಕೆ ಬಂತು ಎನ್ನುವುದು ನಿಮಗೆಲ್ಲ ಗೊತ್ತು. ಈ ವರ್ಷದ ಮೊದಲ ತಿಂಗಳುಗಳಲ್ಲಿ ನಮ್ಮ ಫುಟ್‌ಬಾಲ್ ತಂಡದ ಗೋಲ್‌ಕೀಪರ್ ಹುಡುಗನನ್ನು ಅದೇ ತಂಡದ ನಾಲ್ವರು, ಕ್ಯಾಪ್ಟನ್ನೇ ಮುಂದಾಳಾಗಿ, ಹುಡುಗರ ಶೌಚಾಲಯದಲ್ಲಿ ಹೊಡೆದರು. ಆ ಹುಡುಗನ ಎಡಗಿವಿ ಹೋಯಿತು. ಹೊಡೆದವರನ್ನು ಶಾಲೆಯಿಂದ ತೆಗೆದರು. ಪೆಟ್ಟು ತಿಂದವನು ತಾನಾಗಿಯೇ ಬೇರೆ ಶಾಲೆಗೆ ಹೋದ. ಒಂದು ಬೆಂಚಿನ ಐವರೂ ಹೋದರು. ಆ ಬೆಂಚು ಈಗಲೂ ಖಾಲಿ ಇದೆ, ಯಾರೂ ಕೂರುವುದಿಲ್ಲ.

ಯಾಕೆ ಹೊಡೆದರು? ಹಿಂದಿನ ದಿನ ನಾವು ಪಂದ್ಯ ಸೋತಿದ್ದೆವು. ಕೊನೆಯ ನಿಮಿಷದಲ್ಲಿ ಚೆಂಡು ಅವನ ಕಾಲಿನ ನಡುವೆ ನುಸುಳಿ ಹೋಯಿತು. ಅವನು ಗೋಲು ಕಂಬ ಹಿಡಿದುಕೊಂಡು ಅತ್ತ. ಬಿಕ್ಕಿ ಬಿಕ್ಕಿ ಅತ್ತ. ಎದುರು ತಂಡದವರು ನೋಡುತ್ತಿದ್ದರು, ಅವರ ಪೋಷಕರು ನೋಡುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು. ಹತ್ತಿರ ಹೋಗಿ, ಎಲ್ಲರಿಗೂ ಕೇಳುವ ಹಾಗೆ, ಮೈಕು ಬೇಡದ ಈ ಗಂಟಲಿನಲ್ಲೇ ಅಂದೆ: “ಸಾಕು ಮಾಡೋ! ನಾಳೆಯಿಂದ ಫ್ರಾಕ್ ಹಾಕ್ಕೊಂಡು ಬಾ, ತಂಡದಲ್ಲಿ ಹುಡುಗೀನ ಇಟ್ಕೊಂಡಿದೀವಿ ಅಂತ ಹೇಳ್ತೀನಿ.”

ಹುಡುಗರು ನಕ್ಕರು. ಅದು ನಗಿಸಲಿಕ್ಕೆ ಅಂದ ಮಾತೇ. ಮುಂದಿನ ಬೆಳಿಗ್ಗೆ ಆ ನಾಲ್ವರು ಎಲ್ಲಿಂದಲೋ ಒಂದು ಫ್ರಾಕ್ ತಂದಿದ್ದರು. ಅವನು ಹಾಕಿಕೊಳ್ಳಲಿಲ್ಲ. ಅಷ್ಟೇ ಕಾರಣ.

ನಾನು ಕೆಟ್ಟವನೆಂದು ನನಗೆ ಅನ್ನಿಸಿರಲಿಲ್ಲ. ದಯವಿಟ್ಟು ಇದನ್ನು ಸಮಜಾಯಿಷಿ ಎಂದು ತಿಳಿಯಬೇಡಿ, ಇದ್ದದ್ದನ್ನು ಹೇಳುತ್ತಿದ್ದೇನೆ. ನನಗೆ ಹನ್ನೊಂದು ವರ್ಷವಾಗಿದ್ದಾಗ ನನ್ನ ಅಮ್ಮ ತೀರಿಕೊಂಡಳು. ಅಪ್ಪ ಕಾರ್ಖಾನೆಯಲ್ಲಿ ಮೇಸ್ತ್ರಿ. ಬಂದವರನ್ನೆಲ್ಲ ಮಾತಾಡಿಸಲು ಅಪ್ಪ ಬಾಗಿಲಲ್ಲಿ ನಿಂತ, ನನ್ನನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡ. ಅವನ ಕೈ ನನ್ನ ಕತ್ತಿನ ಹಿಂದೆ ಇತ್ತು. ನನ್ನ ತುಟಿ ಅದುರಿದಾಗಲೆಲ್ಲ ಹೆಬ್ಬೆರಳಿನಿಂದ ಒತ್ತುತ್ತಿದ್ದ. ಸಂಜೆಯವರೆಗೂ ಹಾಗೆ ನಿಂತೆ. ಹೋಗುವಾಗ ಎಲ್ಲರೂ ಅಂದರು, “ಹುಡುಗ ಒಂದು ಹನಿ ಕಣ್ಣೀರು ಹಾಕಲಿಲ್ಲ ನೋಡಿ, ಎಂಥ ಗಟ್ಟಿ!” ಅಪ್ಪ ನನ್ನನ್ನು ನೋಡಿ ತಲೆ ಆಡಿಸಿದ. ಅಪ್ಪ ನನ್ನನ್ನು ಮೆಚ್ಚಿದ್ದು ಅದೊಂದೇ ಸಲ. ಆ ಒಂದು ಮೆಚ್ಚುಗೆಯ ಮೇಲೆ ನಾನು ಇಷ್ಟು ವರ್ಷ ಕೆಲಸ ಮಾಡಿದ್ದೇನೆ. ಸಾಲುಸಾಲು ಹುಡುಗರ ಕತ್ತಿನ ಹಿಂದೆ ನಿಂತಿದ್ದೇನೆ.

ನನಗೂ ಒಮ್ಮೆ ಮದುವೆಯಾಗಿತ್ತು ಎನ್ನುವುದು ಇಲ್ಲಿರುವ ಹಳಬರಿಗೆ ಗೊತ್ತು. ಆರು ವರ್ಷ. ನಾಲ್ಕನೇ ವರ್ಷ ನಮಗೊಂದು ಮಗು ಆಗುವುದರಲ್ಲಿತ್ತು, ಆಗಲಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದವಳು ಅಡುಗೆಮನೆಯ ನೆಲದ ಮೇಲೆ ಕುಳಿತು ಅಳುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು, “ಏಳು, ಮುಖ ತೊಳ್ಕೋ” ಅಂದೆ. ಸಮಾಧಾನಕ್ಕೆಂದೇ ಅಂದೆ. ನನಗೆ ಬರುತ್ತಿದ್ದ ಸಮಾಧಾನದ ಮಾತು ಅದೊಂದೇ. ಅವಳು ಎದ್ದಳು, ಮುಖ ತೊಳೆದುಕೊಂಡಳು. ಎರಡು ವರ್ಷದ ನಂತರ ಪೆಟ್ಟಿಗೆ ಕಟ್ಟಿಕೊಂಡು ಹೊರಟಾಗ ಜಗಳವೇನೂ ಆಡಲಿಲ್ಲ. “ನಿಮ್ಮ ಜೊತೆ ಇದ್ರೆ ಮನೇಲೂ ಸಾಲಲ್ಲಿ ನಿಂತ ಹಾಗಿರುತ್ತೆ ಕಣ್ರೀ” ಅಂದಳು, ಅಷ್ಟೇ. ಈಗ ಬೇರೆ ಊರಲ್ಲಿ ನರ್ಸ್ ಆಗಿದ್ದಾಳೆ ಎಂದು ಕೇಳಿದ್ದೇನೆ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆಗೆ ನಾನು ಬಾಡಿಗೆಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ರಜೆ ಬಂದರೆ ನನಗೆ ದಿಕ್ಕು ತೋಚುವುದಿಲ್ಲ. ಭಾನುವಾರವೂ ಶಾಲೆಗೆ ಬಂದು ಮೈದಾನಕ್ಕೆ ಸುಣ್ಣದ ಗೆರೆ ಎಳೆಯುತ್ತಿದ್ದೆನಲ್ಲ, ಎಂಥ ಕರ್ತವ್ಯನಿಷ್ಠೆ ಎಂದು ನೀವು ಹೊಗಳಿದ್ದೀರಿ. ಕೋಣೆಯಲ್ಲಿ ಕುಳಿತಿರಲಾಗದೆ ಬರುತ್ತಿದ್ದೆ, ಅಷ್ಟೇ.

ಇರಲಿ. ಎಲ್ಲಿಂದ ಎಲ್ಲಿಗೋ ಹೋದೆ. ನಾಟಕದ ಮಾತು.

ಆ ಘಟನೆಯಾದ ಮೇಲೆ ಎಲ್ಲ ಶಾಲೆಗಳಲ್ಲಿ ಆಗುವ ಹಾಗೆ ನಮ್ಮಲ್ಲೂ ಉಪನ್ಯಾಸಗಳಾದವು. ಹುಡುಗರು ಕೈಕಟ್ಟಿ ಕುಳಿತು ಕೇಳಿದರು, ಎದ್ದು ಹೋದರು. ಆಗ ಭಾಷಾ ಟೀಚರ್ ಒಂದು ರಟ್ಟಿನ ಪೆಟ್ಟಿಗೆ ತಂದಿಟ್ಟರು. “ಗಂಡಸಾಗು ಅಂತ ನಿಮಗೆ ಯಾರು ಯಾರು ಏನೇನು ಹೇಳಿದಾರೆ, ಚೀಟಿಯಲ್ಲಿ ಬರೆದು ಹಾಕಿ. ಹೆಸರು ಬೇಡ. ನಿಮ್ಮ ಹೆಸರೂ ಬೇಡ, ಹೇಳಿದವರ ಹೆಸರೂ ಬೇಡ” ಅಂದರು. ಒಂದು ವಾರದಲ್ಲಿ ನೂರೈವತ್ತು ಚೀಟಿ ಬಿದ್ದವು. ಅವನ್ನೇ ಹೊಲಿದು ನಾಟಕ ಮಾಡುವುದು ಅವರ ಯೋಚನೆ.

ನನ್ನನ್ನು ಕರೆದದ್ದು ಪಾತ್ರಕ್ಕಲ್ಲ. ಹೊಡೆದಾಟದ ದೃಶ್ಯ ಇದೆ, ಯಾರಿಗೂ ಪೆಟ್ಟಾಗದ ಹಾಗೆ ಹೊಡೆಯುವುದು, ಬೀಳುವುದು ಕಲಿಸಿಕೊಡಿ ಎಂದು ಕರೆದರು. ಸಿಬ್ಬಂದಿ ಕೋಣೆಯ ಮೇಜಿನ ಮೇಲೆ ಚೀಟಿಗಳನ್ನು ಹರಡಿಕೊಂಡು ಕುಳಿತಿದ್ದರು. “ನೋಡಿ ಸಾರ್, ಮಕ್ಕಳು ಏನೇನು ಕೇಳಿಸ್ಕೊಂಡು ಬೆಳೀತಾರೆ ಅಂತ” ಎಂದು ಒಂದೊಂದಾಗಿ ಓದತೊಡಗಿದರು. ‘ಅಳೋದಾದ್ರೆ ಮನೆಗೆ ಹೋಗಿ ಅಮ್ಮನ ಸೆರಗಲ್ಲಿ ಅಳು.’ ‘ರಕ್ತ ಬಂದ್ರೆ ಒರೆಸ್ಕೋ, ತೋರಿಸೋಕೆ ಬರಬೇಡ.’ ‘ನಿನ್ನ ಓಟ ನೋಡಿದ್ರೆ ಮದುವೆ ಹೆಣ್ಣು ನಡೆದ ಹಾಗಿದೆ.’ ಕೆಲವು ಅಪ್ಪಂದಿರ ಮಾತು, ಕೆಲವು ಅಣ್ಣಂದಿರದು, ಒಂದೆರಡು ಅಮ್ಮಂದಿರದೂ ಇದ್ದವು. ಆದರೆ ಓದುತ್ತಾ ಹೋದ ಹಾಗೆ ನಾನು ಎಣಿಸತೊಡಗಿದೆ. ನೂರೈವತ್ತರಲ್ಲಿ ನಲವತ್ತಕ್ಕಿಂತ ಹೆಚ್ಚು ನನ್ನ ಮಾತುಗಳು. ಕೆಲವನ್ನು ಅಂದದ್ದು ನನಗೇ ಮರೆತುಹೋಗಿತ್ತು. ಬರೆದವನಿಗೆ ಮರೆತಿರಲಿಲ್ಲ. ಅಲ್ಪವಿರಾಮ ಸಮೇತ ನೆನಪಿಟ್ಟಿದ್ದ.

ಟೀಚರ್‌ಗೆ ಗೊತ್ತಿತ್ತೇ? ಗೊತ್ತಿತ್ತು ಎಂದೇ ಈಗ ಅನ್ನಿಸುತ್ತದೆ. ಆದರೆ ತಲೆ ಎತ್ತಿ ನನ್ನ ಮುಖ ನೋಡಲಿಲ್ಲ. ನೋಡದೇ ಇದ್ದದ್ದು ಅವರ ದೊಡ್ಡತನ.

ತಾಲೀಮು ಶುರುವಾಯಿತು. ನಾನು ಓದಿದವನಲ್ಲ, ಆದರೆ ಬೀಳುವುದನ್ನು ಬಲ್ಲೆ. ಗದ್ದವನ್ನು ಎದೆಗೆ ಒತ್ತಿ, ಭುಜದ ಮೇಲೆ ಉರುಳಿ, ಅಂಗೈಯಿಂದ ನೆಲಕ್ಕೆ ಬಡಿಯಬೇಕು. ಸದ್ದು ದೊಡ್ಡದು, ಪೆಟ್ಟು ಇಲ್ಲ. ಕೆನ್ನೆಗೆ ಹೊಡೆಯುವಾಗ ಹೊಡೆಯುವವನ ಕೈ ಗಾಳಿಯಲ್ಲಿ ಹಾದುಹೋಗಬೇಕು, ಚಪ್ಪಾಳೆಯ ಸದ್ದನ್ನು ಹೊಡೆಸಿಕೊಳ್ಳುವವನೇ ಮಾಡಬೇಕು. ಇನ್ನೊಂದು ಮುಖ್ಯ ನಿಯಮವಿದೆ. ವೇದಿಕೆಯ ಮೇಲೆ ಪೆಟ್ಟು ತಿನ್ನುವವನೇ ಯಜಮಾನ. ಅವನು ಮೊದಲು ಅಲುಗಬೇಕು, ಹೊಡೆಯುವವನು ಅವನನ್ನು ಹಿಂಬಾಲಿಸಬೇಕು. ಹುಡುಗರಿಗೆ ಇದು ಅರ್ಥವಾಗಲು ಎರಡು ವಾರ ಹಿಡಿಯಿತು. “ಸಾರ್, ಹೊಡೆಯೋನು ನಾನು, ಅವನ ಮುಖ ನೋಡ್ಕೊಂಡು ನಾನ್ಯಾಕೆ ಇರ್ಲಿ?” ಎಂದು ಒಬ್ಬ ಕೇಳಿದ. “ನೋಡಲೇಬೇಕು, ನೋಡದಿದ್ರೆ ಪೆಟ್ಟಾಗುತ್ತೆ” ಅಂದೆ.

ಪೆಟ್ಟು ತಿನ್ನುವವನ ಪಾತ್ರಕ್ಕೆ ಒಂಬತ್ತನೇ ತರಗತಿಯ ಕನ್ನಡಕದ ಹುಡುಗ ಇದ್ದ. ದೃಶ್ಯಕ್ಕೆ ಎಂಟು ಎಣಿಕೆ ಇಟ್ಟೆ. ಒಂದಕ್ಕೆ ತಳ್ಳುವುದು, ಎರಡಕ್ಕೆ ಗೋಡೆಗೆ ಒರಗುವುದು, ಹೀಗೆ ಎಂಟರವರೆಗೆ. ನನ್ನ ಹುಡುಗರಿಗೆ ನಾನು ಮೊದಲಿನಿಂದಲೂ ಕಲಿಸಿರುವುದು ಒಂದೇ: ಸೀಟಿ ಕೇಳುವ ತನಕ ನಿಲ್ಲಿಸಬಾರದು. ಇಲ್ಲೂ ಹಾಗೇ ಹೇಳಿದೆ.

ಎಂಟರ ನಂತರ ಏನು? ಟೀಚರ್ ಬರೆದದ್ದರಲ್ಲಿ ಎಂಟಾದ ಕೂಡಲೇ ಒಬ್ಬ ಮೇಷ್ಟ್ರು ಓಡಿಬಂದು ಬಿಡಿಸುತ್ತಾನೆ. ನಾನು ಅಂದೆ, “ಇದು ಸರಿಯಿಲ್ಲ ಟೀಚರ್. ಯಾರೂ ಬರಲ್ಲ.”

“ಯಾಕೆ ಬರಲ್ಲ ಸಾರ್? ಶಾಲೆ ಅಂದ್ಮೇಲೆ ಯಾರಾದ್ರೂ ಇದ್ದೇ ಇರ್ತಾರಲ್ಲ.”

“ಇರ್ತಾರೆ. ಬರಲ್ಲ.”

ಅವರು ಪೆನ್ಸಿಲ್ ಕೆಳಗಿಟ್ಟು ನನ್ನನ್ನೇ ನೋಡಿದರು. “ನೋಡೋ ಮಕ್ಕಳಿಗೆ ಯಾರಾದ್ರೂ ಬರ್ತಾರೆ ಅಂತ ಅನ್ನಿಸಬೇಕು ಸಾರ್. ಬೇಕಾದ್ರೆ ಆ ಪಾತ್ರ ನೀವೇ ಮಾಡಿ” ಅಂದರು. ಒಪ್ಪಿಕೊಂಡೆ. ತಾಲೀಮಿನಲ್ಲಿ ಇಪ್ಪತ್ತು ಸಲ ಮಾಡಿದೆ. ಎಂಟಾಯಿತು, ಸೀಟಿ ಊದಿದೆ, ಓಡಿದೆ, ಬಿಡಿಸಿದೆ. ಒಂದು ದಿನವೂ ತಪ್ಪಲಿಲ್ಲ.

ಪ್ರದರ್ಶನದ ದಿನ ನೀವೆಲ್ಲ ಇಲ್ಲಿದ್ದಿರಿ. ನಾನು ಅಗೋ, ಆ ಪರದೆಯ ಹಿಂದೆ ನಿಂತಿದ್ದೆ. ನಾನಿದ್ದ ಕಡೆಗೆ ಏನೂ ಕಾಣುತ್ತಿರಲಿಲ್ಲ, ಸದ್ದು ಮಾತ್ರ ಕೇಳುತ್ತಿತ್ತು. ಗೋಡೆಗೆ ಭುಜ ತಗುಲಿದ ಸದ್ದು. ಶೂಗಳ ಸದ್ದು. ಐದು, ಆರು, ಏಳು, ಎಂಟು. ಸೀಟಿ ಬಾಯಲ್ಲೇ ಇತ್ತು. ಕಾಲು ಏಳಲಿಲ್ಲ.

ಹುಡುಗರು ಹೇಳಿಕೊಟ್ಟ ಹಾಗೆಯೇ ಮಾಡಿದರು. ಸೀಟಿ ಕೇಳಲಿಲ್ಲ, ಮತ್ತೆ ಒಂದರಿಂದ ಶುರು ಮಾಡಿದರು. ಎರಡನೇ ಸಲ ಎಂಟಾಯಿತು. ಮೂರನೇ ಸಲ ಶುರುವಾಯಿತು. ದಣಿದಿದ್ದರು, ಗಾಬರಿಯಾಗಿದ್ದರು, ಒಬ್ಬನ ಮೊಣಕೈ ನಿಜವಾಗಿಯೂ ಆ ಕನ್ನಡಕದ ಹುಡುಗನ ತುಟಿಗೆ ಬಡಿಯಿತು. ಆಗ ಅವನು ನೆಲದಿಂದ ಮೆಲ್ಲಗೆ, “ಸಾರ್...” ಅಂದ. ಅದು ನಾಟಕದಲ್ಲಿ ಇರಲಿಲ್ಲ. ಮುಂದಿನ ಸಾಲಿನಲ್ಲಿದ್ದವರಿಗೆ ಕೇಳಿರಬಹುದು.

ನಾನು ಹೋದೆ. ಸೀಟಿ ಊದಲು ಉಸಿರಿರಲಿಲ್ಲ. ಹುಡುಗರ ನಡುವೆ ನುಗ್ಗಿ ನೆಲದ ಮೇಲೆ ಕುಳಿತು ಅವನನ್ನು ತೊಡೆಗೆ ಎಳೆದುಕೊಂಡೆ. ಅವನ ತುಟಿಯ ರಕ್ತ ನನ್ನ ಅಂಗಿಗೆ ತಗುಲಿತು. ನಾನು ಏನೋ ಮಾತಾಡಬೇಕಿತ್ತು, ಒಂದೂ ನೆನಪಾಗಲಿಲ್ಲ. ನೀವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದಿರಿ. ತುಂಬಾ ಹೊತ್ತು ತಟ್ಟಿದಿರಿ.

ಸ್ವಾಮೀ, ನೀವು ಸಂಯಮ ಎಂದದ್ದು ಅದನ್ನು.

ಅದು ಸಂಯಮವಲ್ಲ. ಆ ಸದ್ದುಗಳನ್ನು ನಾನು ಮೊದಲೇ ಒಮ್ಮೆ ಕೇಳಿದ್ದೆ.

ಶೌಚಾಲಯಕ್ಕೆ ಹೊಂದಿಕೊಂಡು ಆಟದ ಸಾಮಾನಿನ ಕೋಣೆ ಇದೆ. ನಡುವೆ ಒಂದು ಗೋಡೆ, ಗೋಡೆಯ ಮೇಲ್ಭಾಗದಲ್ಲಿ ಗಾಳಿಗೆಂದು ಬಿಟ್ಟ ಕಿಂಡಿ. ಆ ಬೆಳಿಗ್ಗೆ ನಾನು ಅಲ್ಲಿ ಸ್ಟೂಲಿನ ಮೇಲೆ ಕುಳಿತು ಚೆಂಡಿಗೆ ಗಾಳಿ ತುಂಬುತ್ತಿದ್ದೆ. ಮೊದಲು ನಗು ಕೇಳಿತು. ಆಮೇಲೆ ಗೋಡೆಗೆ ಏನೋ ಬಡಿದ ಸದ್ದು. ಆಮೇಲೆ “ಬೇಡ್ರೋ, ಬೇಡ್ರೋ” ಎಂಬ ದನಿ. ಯಾರ ದನಿ ಎಂದು ಗುರುತು ಸಿಕ್ಕಿತು. ನನ್ನ ಕೈ ನಿಂತಿತು. ಏಳಬೇಕು ಎಂದುಕೊಂಡೆ. ಅಷ್ಟರಲ್ಲಿ ಇನ್ನೊಂದು ಯೋಚನೆ ಬಂತು: ಅವರವರೇ ಬಗೆಹರಿಸಿಕೊಳ್ಳಲಿ, ಎರಡು ಏಟು ಬಿದ್ದರೆ ಗಟ್ಟಿಯಾಗುತ್ತಾನೆ. ಆ ಯೋಚನೆ ಬಂದಾಗ ನನಗೆ ಒಂದು ಬಗೆಯ ನೆಮ್ಮದಿಯೂ ಆಯಿತು, ಅದನ್ನೂ ಹೇಳಿಬಿಡುತ್ತೇನೆ. ಮತ್ತೆ ಪಂಪು ಒತ್ತತೊಡಗಿದೆ. ಅವನು “ಸಾರ್” ಎಂದು ಕೂಗಿದ. ಒಂದು ಸಲವಲ್ಲ. ಸಾಲಿನ ಕೊನೆಯಲ್ಲಿ ಯಾರಾದರೂ ಪಿಸುಗುಟ್ಟಿದರೂ ಕೇಳಿಸಿಕೊಳ್ಳುವ ಮನುಷ್ಯ ನಾನು. ನನಗೆ ಅದು ಕೇಳಲಿಲ್ಲ ಎಂದು ಹೇಳಿದರೆ ಯಾರು ನಂಬುತ್ತಾರೆ?

ಆದರೆ ಎಲ್ಲರೂ ನಂಬಿದರು. ವಿಚಾರಣೆಯಲ್ಲಿ “ಆ ಹೊತ್ತಿಗೆ ಎಲ್ಲಿದ್ದಿರಿ?” ಎಂದು ಕೇಳಿದರು. “ಮೈದಾನದಲ್ಲಿದ್ದೆ” ಅಂದೆ. ಬರೆದುಕೊಂಡರು. ಸಹಿ ಹಾಕಿದೆ. ‘ಹತ್ತಿರದಲ್ಲಿ ಹಿರಿಯರು ಯಾರೂ ಇರಲಿಲ್ಲ’ ಎಂದು ವರದಿಯಲ್ಲಿ ಬಂತು. ಆ ವರದಿಯ ಮೇಲೆ ಆ ನಾಲ್ವರು ಹೋದರು. ಅವರು ಮಾಡಿದ್ದು ಸರಿ ಎಂದು ನಾನು ಹೇಳುತ್ತಿಲ್ಲ. ಆದರೆ ಕ್ಯಾಪ್ಟನ್ ಹುಡುಗ ಪುಸ್ತಕದ ಚೀಲ ಹಿಡಿದು ಗೇಟಿನಿಂದ ಹೊರಗೆ ಹೋಗುವಾಗ ನನ್ನನ್ನು ನೋಡಿದ. ತಪ್ಪು ಮಾಡಿದವನ ಮುಖವಲ್ಲ ಅದು. ಹೇಳಿದ ಕೆಲಸ ಮಾಡಿಯೂ ಬೈಸಿಕೊಂಡವನ ಮುಖ. “ಸಾರ್, ನಾನೇನು ಮಾಡಿದೆ? ನೀವು ಹೇಳಿದ್ದನ್ನೇ ಅಲ್ವಾ?” ಎಂದು ಕೇಳಿದ. ನಾನು ಸಿಟ್ಟಿನಿಂದ “ನಡಿ, ನಡಿ” ಅಂದೆ.

ನಾಟಕದ ಮರುದಿನ ಬೆಳಿಗ್ಗೆ ನಾನು ಗೋಲ್‌ಕೀಪರ್ ಹುಡುಗನ ಮನೆಗೆ ಹೋದೆ. ಮೂರನೇ ಮಹಡಿ. ಬಾಗಿಲು ತೆರೆದವನು ಅವನೇ. ಯಾರಾದರೂ ಮಾತಾಡಿದರೆ ಈಗ ಅವನು ಬಲಗಿವಿಯನ್ನು ಮುಂದೆ ಮಾಡಿ ಸ್ವಲ್ಪ ಬಾಗುತ್ತಾನೆ. ಹದಿನೈದು ವರ್ಷದ ಹುಡುಗ ಮುದುಕರ ಹಾಗೆ ಬಾಗುವುದನ್ನು ನೋಡಿ, ಮೆಟ್ಟಿಲು ಹತ್ತುವಾಗ ಜೋಡಿಸಿಕೊಂಡ ಮಾತೆಲ್ಲ ಚದುರಿಹೋಯಿತು. ಒಂದೇ ಉಸಿರಿಗೆ ಅಂದೆ, “ಅವತ್ತು ನಾನು ಪಕ್ಕದ ಕೋಣೇಲಿದ್ದೆ ಕಣೋ.”

“ಗೊತ್ತು ಸಾರ್” ಅಂದ.

“ಏನು ಗೊತ್ತು?”

“ಪಂಪ್ ಸದ್ದು ಕೇಳಿಸ್ತಿತ್ತು ಸಾರ್. ಮಧ್ಯೆ ಒಂದ್ಸಲ ನಿಂತೋಯ್ತು. ಬರ್ತೀರಿ ಅಂದ್ಕೊಂಡೆ. ಆಮೇಲೆ ಮತ್ತೆ ಶುರುವಾಯ್ತು.”

ಸಭಿಕರೇ, ಕ್ಷಮಿಸಿ, ನೀರು ಕುಡಿಯುತ್ತೇನೆ.

ಅವನನ್ನು ಕೇಳಿದೆ, “ಮತ್ತೆ ವಿಚಾರಣೇಲಿ ಯಾಕೋ ಹೇಳಲಿಲ್ಲ?” ಅವನು ವ್ಯಂಗ್ಯಕ್ಕೆ ಹೇಳಲಿಲ್ಲ, ಸೇಡಿಗೆ ಹೇಳಲಿಲ್ಲ. ತರಗತಿಯಲ್ಲಿ ಎದ್ದು ನಿಂತು ಉತ್ತರ ಹೇಳುವ ಹಾಗೆ ಹೇಳಿದ: “ಚಾಡಿ ಹೇಳೋನು ಗಂಡಸಲ್ಲ ಅಂತ ನೀವೇ ಹೇಳ್ಕೊಟ್ಟಿದ್ರಲ್ಲ ಸಾರ್.”

ಒಳಗೆ ಅವನ ಅಮ್ಮ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದರು. ಮನೆಯಲ್ಲೇ ಬಟ್ಟೆ ಹೊಲಿಯುವವರು. ನಮ್ಮ ಶಾಲೆಯ ಎಷ್ಟೋ ಮಕ್ಕಳ ಸಮವಸ್ತ್ರ ಅವರ ಕೈಯದೇ. ನಮ್ಮ ಮಾತು ಕೇಳಿ ಯಂತ್ರ ನಿಂತಿತು. ಎದ್ದು ಬರಲಿಲ್ಲ, ಕುಳಿತಲ್ಲಿಂದಲೇ ಕೇಳಿದರು.

“ಆ ಕೋಣೆಗೆ ಹೊರಗಿಂದ ಬೀಗ ಹಾಕಿತ್ತಾ?”

“ಇಲ್ಲಮ್ಮ.”

“ನಿಮಗೆ ಕಾಲು ನೋವಿತ್ತಾ?”

“ಇಲ್ಲಮ್ಮ.”

“ಎಷ್ಟು ಹೆಜ್ಜೆ ಆಗುತ್ತೆ ಅಲ್ಲಿಂದ?”

“ಹತ್ತು... ಹನ್ನೆರಡು.”

ಅವರು ಕೈಯಲ್ಲಿದ್ದ ಬಟ್ಟೆಯನ್ನು ಮಡಿಲಿಗೆ ಹಾಕಿಕೊಂಡರು. ನಾನು ಕ್ಷಮೆ ಕೇಳಿದೆ. ತಲೆ ತಗ್ಗಿಸಿ ಕೇಳಿದೆ. ಅವರು ಅಳಲಿಲ್ಲ, ಬೈಯಲಿಲ್ಲ. “ನನ್ನ ಮಗನಿಗೆ ಫ್ರಾಕ್ ಹಾಕ್ಕೊಂಡು ಬಾ ಅಂದಿದ್ದು ಊರೆಲ್ಲ ನಿಂತು ನೋಡ್ತಿರೋವಾಗ” ಅಂದರು. “ಕ್ಷಮೆ ಕೇಳೋದು ಮಾತ್ರ ಬಾಗಿಲು ಮುಂದೆ ಮಾಡ್ಕೊಂಡಾ? ಅಲ್ಲಿ ಹೇಳಿ ಸಾರ್, ಜನ ಇರೋ ಕಡೆ. ಇಲ್ಲಿ ನಮಗೆ ಗೊತ್ತಿರೋದನ್ನೇ ನಮಗೆ ಹೇಳಿ ನೀವು ಹಗುರ ಆಗೋದು ಬೇಡ.” ಯಂತ್ರ ಮತ್ತೆ ಓಡತೊಡಗಿತು. ಹುಡುಗ ನನ್ನನ್ನು ಮೆಟ್ಟಿಲವರೆಗೆ ಬಿಡಲು ಬಂದ. “ಹುಷಾರು ಸಾರ್, ಮೂರನೇ ಮೆಟ್ಟಿಲು ಒಡೆದಿದೆ” ಅಂದ. ಅಷ್ಟೇ ಅಂದ.

ಅವತ್ತಿನಿಂದ ಇವತ್ತಿಗೆ, ಭಾನುವಾರಗಳನ್ನು ಬಿಟ್ಟು, ಇಪ್ಪತ್ತಾರು ದಿನ. ಪ್ರತಿ ಬೆಳಿಗ್ಗೆ ಪ್ರಾರ್ಥನೆಗೆ ಏಳುನೂರು ಮಕ್ಕಳು ನನ್ನ ಮುಂದೆ ಸಾಲಾಗಿ ನಿಂತರು. ಜನ ಇರುವ ಕಡೆ ಎಂದರೆ ಅದಕ್ಕಿಂತ ಬೇಕೇ? ಇವತ್ತು ಹೇಳುತ್ತೇನೆ ಎಂದುಕೊಂಡೇ ಹೋಗುತ್ತಿದ್ದೆ. “ಎಡಕ್ಕೆ ತಿರುಗಿ, ತರಗತಿಗೆ ಹೊರಡಿ” ಎಂದು ಹೇಳಿ ಬರುತ್ತಿದ್ದೆ. ಇಪ್ಪತ್ತಾರು ಸಲ. ನಿಮಗೆಲ್ಲ ಗಂಡಸುತನ ಕಲಿಸಿದವನ ಧೈರ್ಯ ಇದು, ನೋಡಿಕೊಳ್ಳಿ.

ಕೊನೆಗೆ ಇವತ್ತು ಬೆಳಿಗ್ಗೆ ಕಾಗದದಲ್ಲಿ ಬರೆದು ಮುಖ್ಯೋಪಾಧ್ಯಾಯಿನಿಯವರ ಕೈಗೆ ಕೊಟ್ಟೆ. ಅವರು ಓದಿದರು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಸಾರ್, ಇವತ್ತು ನಿಮ್ಮ ಕಾರ್ಯಕ್ರಮ ಮುಗೀಲಿ. ನಾಳೆ ಕೂತು ಮಾತಾಡೋಣ” ಅಂದರು. ನನ್ನ ಮೇಲಿನ ಗೌರವಕ್ಕೇ ಹಾಗೆ ಹೇಳಿದರು. ಆಗಲಿ ಎಂದು ನಾನೂ ಒಪ್ಪಿದ್ದೆ. ಕಾಗದ ಕೊಟ್ಟೆನಲ್ಲ, ಇನ್ನು ಬಾಯಿ ತೆರೆಯಬೇಕಾಗಿಲ್ಲ ಎಂದು ಒಳಗೊಳಗೇ ಹಿಗ್ಗಿದ್ದೆ. ಮೇಡಂ, ಮಾತು ತಪ್ಪಿದೆ. ಈಗ ನೀವು ನನ್ನ ಕಡೆ ನೋಡುತ್ತಿಲ್ಲ, ಅದು ಸರಿಯೇ. ವರದಿಯನ್ನು ಮತ್ತೆ ತೆರೆಯಬೇಕು ಎನ್ನುವುದು ನನ್ನ ಬೇಡಿಕೆ. ಅದರಲ್ಲಿ ನನ್ನ ಹೆಸರು ಬರಬೇಕು. ಅದರಿಂದ ನನಗೆ ಏನಾಗಬೇಕೋ ಅದು ಆಗಲಿ. ಆ ನಾಲ್ವರಲ್ಲಿ ಯಾರಿಗಾದರೂ ಮತ್ತೆ ಓದುವ ಮನಸ್ಸಿದ್ದರೆ ಅವರಿಗೆ ಹೇಳಿಕಳುಹಿಸಿ ಎನ್ನುವುದೂ ಆ ಕಾಗದದಲ್ಲಿದೆ.

ಈ ಸಭೆಗೆ ಬನ್ನಿ ಎಂದು ಆ ಅಮ್ಮನಿಗೆ ಚೀಟಿ ಕಳಿಸಿದ್ದೆ. ನಾನು ಹೇಳುತ್ತೇನೆ ಎಂದು ಬರೆದಿರಲಿಲ್ಲ. ಬರೆಯುವ ಧೈರ್ಯವಿರಲಿಲ್ಲ, ‘ಬನ್ನಿ’ ಎಂದಷ್ಟೇ ಬರೆದಿದ್ದೆ. ಬಂದಿಲ್ಲ. ಮಾತು ಶುರು ಮಾಡುವ ಮುಂಚೆ ಸಾಲು ಸಾಲಾಗಿ ನೋಡಿದೆ. ಸಾಲು ನೋಡುವುದರಲ್ಲಿ ನನ್ನ ಕಣ್ಣು ಪಳಗಿದೆ, ತಪ್ಪುವುದಿಲ್ಲ. ಅವರಿಬ್ಬರೂ ಇಲ್ಲ.

ನಾನು ಇಲ್ಲಿ ಹೇಳಿದೆ ಎನ್ನುವುದು ಅವರಿಗೆ ಹೇಗೆ ಗೊತ್ತಾಗುತ್ತದೆ? ನಿಮ್ಮಲ್ಲಿ ಯಾರಾದರೂ ಸಮವಸ್ತ್ರ ಹೊಲಿಸಲು ಹೋದಾಗ ಮಾತು ಬಂದರೆ ಬಂತು, ಬಾರದಿದ್ದರೆ ಇಲ್ಲ. ನಾನಂತೂ ಹೋಗಿ ಹೇಳುವುದಿಲ್ಲ. ಹೇಳಿ ಬಂದೆ ನೋಡಿ ಎಂದು ಮತ್ತೆ ಆ ಬಾಗಿಲಲ್ಲಿ ನಿಂತರೆ ಶಹಬಾಸ್‌ಗಿರಿ ಕೇಳಿದ ಹಾಗಾಗುತ್ತದೆ. ಶಹಬಾಸ್‌ಗಿರಿಗೆ ಬದುಕಿದ್ದು ಸಾಕು.

ಮಕ್ಕಳೇ, ಬೀಳ್ಕೊಡುಗೆಯಲ್ಲಿ ನಿಮಗೆ ಒಂದು ಬುದ್ಧಿಮಾತು ಹೇಳಬೇಕಂತೆ, ಬರೆದುಕೊಂಡೂ ಬಂದಿದ್ದೆ. ಹೇಳುವುದಿಲ್ಲ. ನನ್ನ ಮಾತು ನಿಮಗೆ ಎಷ್ಟು ಚೆನ್ನಾಗಿ ನೆನಪಿರುತ್ತದೆ ಎನ್ನುವುದನ್ನು ನೋಡಿದ್ದೇನೆ, ಭಯವಾಗುತ್ತದೆ. ತುಟಿ ಒಡೆದುಕೊಂಡ ಆ ಕನ್ನಡಕದ ಹುಡುಗ ನಾಲ್ಕನೇ ಸಾಲಿನಲ್ಲಿ ಕುಳಿತಿದ್ದಾನೆ. ಅವನಿಗೆ ಒಂದು ಮಾತು. ಮಗೂ, ನೀನು ಅವತ್ತು ಕೂಗಿದ್ದು ಒಳ್ಳೆಯದಾಯಿತು. ನಾನು ತಡವಾಗಿ ಬಂದೆ. ತಪ್ಪು ನನ್ನದು.

ಚಪ್ಪಾಳೆ ಬೇಡ. ಯಾರೂ ತಟ್ಟುತ್ತಿಲ್ಲ, ಅದಕ್ಕೂ ಉಪಕಾರ. ಫಲಕ ಈ ಮೇಜಿನ ಮೇಲೇ ಇರಲಿ. ಇಷ್ಟು ವರ್ಷ ನನಗೆ ಅನ್ನ ಕೊಟ್ಟ ಈ ಶಾಲೆಗೆ, ಇಷ್ಟು ಹೊತ್ತು ಕುರ್ಚಿ ಬಿಟ್ಟು ಏಳದೆ ಕೇಳಿಸಿಕೊಂಡ ನಿಮಗೆ, ಎಲ್ಲವನ್ನೂ ಮೊದಲೇ ಊಹಿಸಿಯೂ ನನ್ನನ್ನು ಆ ಪರದೆಯ ಹಿಂದೆ ನಿಲ್ಲಿಸಿದ ಭಾಷಾ ಟೀಚರ್‌ಗೆ ನಾನು ಋಣಿ. ಇನ್ನು ಮನೆಗೆ ಹೋಗುತ್ತೇನೆ.

ನಮಸ್ಕಾರ.